ಎರಡು ಹೆಸರಿನ ಒಂದೇ ದನಿ

ನಾಗಶ್ರೀಯನ್ನು ನಾನು ಮೊದಲು ಕಂಡದ್ದು ಶಿಕಾರಿಪುರದಲ್ಲಿ, ಒಂದು ಶನಿವಾರದ ಮಧ್ಯಾಹ್ನ. ಕಂಪ್ಯೂಟರಿನ ಪಾಠಗಳನ್ನು ಕನ್ನಡದಲ್ಲಿ ಬರೆಯಿಸಬೇಕೆಂದು ಯಾರೋ ಪುಣ್ಯಾತ್ಮರು ಒಂದು ಕೂಟ ಏರ್ಪಡಿಸಿದ್ದರು. ಬರೆದವರು ಓದಬೇಕು, ಭಾಷೆ ಎಲ್ಲೆಲ್ಲಿ ತೊಡರುತ್ತದೆಂದು ಹೇಳಲು ನಿವೃತ್ತ ಮೇಷ್ಟರುಗಳು ಮುಂದಿನ ಸಾಲಿನಲ್ಲಿ ಕೂತಿರಬೇಕು. ಊಟವಾಗಿತ್ತು. ಹೋಳಿಗೆಯ ಭಾರಕ್ಕೆ ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ಎದೆಯ ಮೇಲೆ ಬಾಗುತ್ತಿದ್ದವು. ಆಗ ಎದ್ದು ನಿಂತವಳು ನಾಗಶ್ರೀ. ತಾಳಗುಂದದ ಕುರಿ ಸಾಕುವ ಮನೆಯ ಮಗಳು. ಸೊರಬದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಗುತ್ತಿಗೆಯ ಮೇಲೆ ಪಾಠ ಹೇಳುವ ಕೆಲಸಕ್ಕಿದ್ದವಳು. ಕೈಯಲ್ಲಿ ಹಾಳೆ ಇದ್ದರೂ ಅದನ್ನು ನೋಡಲಿಲ್ಲ.

"ಫೈಲಿಗೆ ಹೆಸರಿರೋದಿಲ್ಲ," ಎಂದು ಶುರುಮಾಡಿದಳು.

ಬಾಗಿದ್ದ ತಲೆಗಳಲ್ಲಿ ಒಂದು ಮೇಲೆದ್ದಿತು. ಅದು ಸದಾಶಿವಪ್ಪ ಮೇಷ್ಟರದು. ಗಣಿತ ಕಲಿಸಿದವರು, ತಪ್ಪು ಸಿಕ್ಕಿತೆಂದರೆ ಎಂಥ ನಿದ್ದೆಯಿಂದಲೂ ಏಳುವವರು.

"ಹೆಸರಿಲ್ದ ಮ್ಯಾಲೆ ಅದನ್ನ ಕರೆಯೋದು ಹೆಂಗವ್ವ?"

"ಹೆಸರು ಫೋಲ್ಡರಿನಾಗೆ ಇರ್ತದೆ ಸಾರ್, ಫೈಲಿನಾಗಲ್ಲ. ಫೈಲಿಗೆ ಒಂದು ನಂಬರ್ ಮಾತ್ರ. ಈ ಹೆಸರು ಅಂದ್ರೆ ಈ ನಂಬರು ಅಂತ ಫೋಲ್ಡರು ಬರ್ಕೊಂಡಿರ್ತದೆ. ಒಂದೇ ನಂಬರಿಗೆ ಎರಡು ಹೆಸರು ಬರ್ಕಂಡ್ರೆ ಅದೇ ಲಿಂಕು."

ಯಾರಿಗೂ ತಿಳಿಯಲಿಲ್ಲವೆಂಬುದು ಅವಳಿಗೆ ಮುಖ ನೋಡಿಯೇ ತಿಳಿಯಿತು. ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ನಮ್ಮಪ್ಪನ ಹೆಸರು ಹೂವಪ್ಪ. ಊರವರೆಲ್ಲ ಹಂಗೇ ಕರೀತಾರೆ. ನಮ್ಮವ್ವ ಮಾತ್ರ ಇವತ್ತಿನ ತನಕ ಆ ಹೆಸರನ್ನ ಬಾಯಾಗೆ ತಂದಿಲ್ಲ. 'ನಮ್ಮನ್ಯಾರು' ಅಂತಾಳೆ. ಹೆಸರು ಎರಡಾದ್ರೂ ಅಪ್ಪ ಒಬ್ಬನೇ. ಊರವರು ಕರೆದ್ರೆ ಬರೋ ಅಪ್ಪ ಬೇರೆ, ಅವ್ವ ಕರೆದ್ರೆ ಬರೋ ಅಪ್ಪ ಬೇರೆ ಅಲ್ಲ."

"ಊರವರು ಕರೆದ್ರೆ ಲಗೂನ ಬರ್ತಾನೆ, ಅದೊಂದು ಫರಕು!" ಎಂದರು ಸದಾಶಿವಪ್ಪ. ಮುಂದಿನ ಸಾಲು ಪೂರ್ತಿ ಎಚ್ಚರವಾಯಿತು.

ಆ ನಗೆಯ ಬಲದ ಮೇಲೆ ಅವಳು ಲಿಂಕು ಹುಟ್ಟಿದ ಕಥೆಯನ್ನೇ ಹೇಳಿಬಿಟ್ಟಳು. ಯುನಿಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಈಗಿನ ಲಿನಕ್ಸ್ ಮೊದಲಾದವು ಅದರ ಜಾಡಿನಲ್ಲೇ ಬಂದವು. ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲಿ, ಅಮೆರಿಕದ ದೊಡ್ಡ ಸಂಸ್ಥೆಗಳು ಕೂಡಿ ಒಂದು ಭಾರಿ ವ್ಯವಸ್ಥೆಯನ್ನು ಕಟ್ಟಹೊರಟಿದ್ದವು. ಅದರಲ್ಲೂ ಲಿಂಕು ಇತ್ತು. ಆದರೆ ಅದು 'ಇಲ್ಲಿಲ್ಲ, ಅಲ್ಲಿಗೆ ಹೋಗು' ಎಂದು ಕೈತೋರಿಸುವ ಬಗೆಯದು. ಆ ಕೆಲಸವನ್ನು ಬಿಟ್ಟು ಹೊರಬಂದ ಕೆಲವರು, ಒಂದು ಟೆಲಿಫೋನು ಕಂಪನಿಯ ಪ್ರಯೋಗಾಲಯದವರು, ಯಾರಿಗೂ ಹೆಚ್ಚು ಬೇಡವಾಗಿದ್ದ ಚಿಕ್ಕ ಯಂತ್ರವೊಂದರ ಮೇಲೆ ಯುನಿಕ್ಸನ್ನು ಆರಂಭಿಸಿದರು. ಆ ಪುಟ್ಟ ಯಂತ್ರದಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾರಿ ಹಿಡಿದು ಹೋಗಿ ಫೈಲನ್ನು ತರುವ ಸೌಕರ್ಯವೇ ಇರಲಿಲ್ಲ. ಬೇರೆ ಕಡೆಯ ಫೈಲು ಬೇಕಾದರೆ ಅದರ ಸಂಖ್ಯೆಗೆ ತಮ್ಮ ಫೋಲ್ಡರಿನಲ್ಲೇ ಇನ್ನೊಂದು ಹೆಸರನ್ನು ಕಟ್ಟಿಕೊಳ್ಳಬೇಕಾಗಿತ್ತು. ಯುನಿಕ್ಸಿನ ಲಿಂಕು ಬಳಕೆಗೆ ಬಂದದ್ದು ಹೀಗೆ. ಎರಡು ಹೆಸರಾದ ಮೇಲೆ ಇದು ಹಿರಿಯದು, ಇದು ಕಿರಿಯದು ಎಂಬ ಭೇದವಿಲ್ಲ. ಒಂದನ್ನು ಅಳಿಸಿದರೆ ಫೈಲು ಸಾಯುವುದಿಲ್ಲ. ಕೊನೆಯ ಹೆಸರೂ ಹೋದ ಮೇಲೆಯೇ ಅದರ ಜಾಗ ತೆರವಾಗುತ್ತದೆ. ಕೈತೋರಿಸುವ ಲಿಂಕು ಯುನಿಕ್ಸಿಗೆ ಬಂದದ್ದು ಹನ್ನೆರಡು ಹದಿಮೂರು ವರ್ಷ ಕಳೆದು, ಒಂದು ವಿಶ್ವವಿದ್ಯಾಲಯದವರ ಕೈಯಿಂದ. ಅದು ಒಂದು ಡಿಸ್ಕಿನಿಂದ ಇನ್ನೊಂದಕ್ಕೂ ಕೈ ಚಾಚುತ್ತದೆ, ಆದರೆ ತೋರಿಸಿದ ಕಡೆ ಫೈಲು ಇಲ್ಲದೆ ಹೋದರೂ ಸುಮ್ಮನೆ ಅತ್ತಲೇ ತೋರಿಸುತ್ತಿರುತ್ತದೆ.

"ಬಡತನದಾಗೆ ಹುಟ್ಟಿದ ಉಪಾಯ ಸಾರ್ ಇದು," ಎಂದು ಮುಗಿಸಿದಳು. "ಅದಕ್ಕೇ ನಂಗೆ ಇದರ ಮೇಲೆ ಪ್ರೀತಿ."

ಲಿಂಕಿಗೆ 'ಕೊಂಡಿ' ಎಂದು ಬರೆಯಬಾರದೆ ಎಂದು ಯಾರೋ ಕೇಳಿದರು. ಬರೆಯಬಹುದು, ಆದರೆ ಹುಡುಗರು ಲಿಂಕು ಅಂತಲೇ ಓದಿಕೊಳ್ತಾರೆ ಎಂದಳು. ಪಾಠವನ್ನು ಪುಸ್ತಕಕ್ಕೆ ತೆಗೆದುಕೊಳ್ಳುವುದೆಂದು ಅಂದೇ ತೀರ್ಮಾನವಾಯಿತು. ಇನ್ನೊಮ್ಮೆ ನೋಡಿ ಕೊಡುತ್ತೇನೆಂದು ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಶಿರಾಳಕೊಪ್ಪದ ಬಸ್ಸಿಗೆ ಓಡಿದಳು.

ಅವಳಿಗೆ ಈ ವಿದ್ಯೆ ಹತ್ತಿದ್ದು ಒಂದು ಹಳೆಯ ಕಂಪ್ಯೂಟರಿನಿಂದ. ಕಾಲೇಜಿನಲ್ಲಿ ಕೆಲಸಕ್ಕೆ ಬಾರದೆಂದು ಮೂಲೆಗೆ ಹಾಕಿದ್ದ ಯಂತ್ರವನ್ನು ಅವಳು ಕೇಳಿಕೊಂಡು ಮನೆಗೆ ತಂದಿದ್ದಳು. ಅದು ಹೊಸ ವ್ಯವಸ್ಥೆಗಳ ಭಾರವನ್ನು ಹೊರದು. ಲಿನಕ್ಸ್ ಹಾಕಿದರೆ ಹೇಗೋ ಕುಂಟಿಕೊಂಡು ನಡೆಯುತ್ತಿತ್ತು. ತಾಳಗುಂದದ ಮನೆಯಲ್ಲಿ ಉಣ್ಣೆಯ ಮೂಟೆಗಳ ಪಕ್ಕದ ಮೇಜಿನ ಮೇಲೆ ಅದರ ವಾಸ. ಕುರಿಯ ವಾಸನೆ ಹಿಡಿದ ಕಂಪ್ಯೂಟರು ಇಡೀ ಜಿಲ್ಲೆಯಲ್ಲಿ ಇದೊಂದೇ ಇರಬೇಕು ಎಂದು ಅವಳ ತಮ್ಮ ಯತೀಶ ಗೇಲಿ ಮಾಡುತ್ತಿದ್ದ. ಯತೀಶ ಅಪ್ಪನ ಜೊತೆ ಮಂದೆಯ ಹಿಂದೆ ಹೋಗುವವನು.

ಅಪ್ಪ ಹೂವಪ್ಪನ ಕೂಗು ಆ ಸೀಮೆಗೆಲ್ಲ ಪರಿಚಿತ. ಕೊಯ್ಲಾದ ಗದ್ದೆಗಳಲ್ಲಿ ಮೂರು ನಾಲ್ಕು ಮನೆಯವರ ಕುರಿಗಳು ಕಲೆತು ಮೇಯುತ್ತಿದ್ದರೂ, ಅವನು ಬದುವಿನ ಮೇಲೆ ನಿಂತು ನಾಲಿಗೆ ಉರುಳಿಸಿ ಒಂದು ಸಲ ಕೂಗಿದನೆಂದರೆ ಅವನವು ಮಾತ್ರ ತಲೆ ಎತ್ತಿ ಬೇರೆಯಾಗಿ ಬರುತ್ತಿದ್ದವು. ಆ ಕೂಗು ಅವನ ಅಪ್ಪನದಲ್ಲ, ತಾತನದಲ್ಲ, ಸ್ವಂತದ್ದು. ಯತೀಶ ಅದನ್ನು ಎಷ್ಟು ಕಲಿತರೂ ಕುರಿಗಳು ಒಮ್ಮೆ ನೋಡಿ ಮತ್ತೆ ಮೇವಿಗೆ ಬಾಯಿ ಹಾಕುತ್ತಿದ್ದವು.

ಆ ಗಂಟಲು ಒಂದು ಮಳೆಗಾಲದಲ್ಲಿ ಕಟ್ಟಿತು. ಶೀತವೆಂದರು, ಕಷಾಯ ಕುಡಿಸಿದರು. ಚಳಿಗಾಲ ಬಂದರೂ ಗೊರಗೊರ ಹೋಗಲಿಲ್ಲ. ಶಿವಮೊಗ್ಗದ ಡಾಕ್ಟರು ಕೊಳವೆ ಹಾಕಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ನಾಗಶ್ರೀಯನ್ನು ಒಳಗೆ ಕರೆದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿದೀತು, ಮಾತು ಉಳಿಯುವುದಿಲ್ಲ. ಅವಳು ಹೊರಗೆ ಬಂದು ಹೇಳಿದಾಗ ಹೂವಪ್ಪ, "ಕುರಿ ಹೆಂಗೆ ಬರ್ತಾವೆ ಮಗಾ?" ಎಂದ. ಅಷ್ಟೇ ಕೇಳಿದ್ದು.

ಆಪರೇಷನ್ನಿಗೆ ಹೋಗುವ ಮುಂಚೆ ಅವನ ದನಿಯನ್ನು ಹಿಡಿದಿಡೋಣವೆಂದು ಅವಳಿಗೆ ಹೊಳೆಯಿತು. ಒಂದು ಬೆಳಿಗ್ಗೆ ಹಟ್ಟಿಯ ಮುಂದೆ ಕಂಬಳಿ ಹಾಸಿ, ಯತೀಶನ ಫೋನನ್ನು ಅವನೆದುರು ನಿಲ್ಲಿಸಿದಳು.

"ಏನಂತ ಮಾತಾಡ್ಲಿ ಇದಕ್ಕೆ? ಇದು ನಮ್ಮ ಬೀಗರೇನು?"

"ಏನಾದ್ರೂ ಮಾತಾಡಪ್ಪ. ನಿನ್ ಕುರಿ ಸುದ್ದಿನೇ ಹೇಳು."

ಶುರುವಾಗುವುದು ಕಷ್ಟವಾಯಿತು, ಶುರುವಾದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ತನ್ನ ಅಪ್ಪ ಮೊದಲ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ತಂದದ್ದು, ತೋಳ ಬಂದಿದ್ದು, ಬಳ್ಳಿಗಾವಿಯ ಗದ್ದೆಯಲ್ಲಿ ಮಂದೆ ನಿಲ್ಲಿಸಿದಾಗ ಟಗರೊಂದು ಗುಡಿಯೊಳಗೆ ನುಗ್ಗಿ ಪೂಜಾರಿಯನ್ನು ಓಡಿಸಿದ್ದು, ಎಲ್ಲ ಬಂತು. ನಡುನಡುವೆ ಕೆಮ್ಮು. ಯತೀಶನಿಗೆ ಬುದ್ಧಿ ಹೇಳಿದ. ನಾಗಶ್ರೀಗೆ, ನೀನು ಓದಿದ್ದು ನಂಗೆ ತಿಳಿಯಾಕಿಲ್ಲ, ಆದ್ರೆ ನಾಲ್ಕು ಜನದಾಗೆ ನಿನ್ ಹೆಸರು ಹೇಳ್ಕೊಂಡು ತಿರುಗೇನಿ ಎಂದ. ಆಮೇಲೆ ಹೊಸಿಲ ಮೇಲೆ ಅಕ್ಕಿಯ ಕಲ್ಲು ಆರಿಸುತ್ತಿದ್ದ ಹೆಂಡತಿಯ ಕಡೆ ತಿರುಗಿದ.

"ಹುಲಿಗೆವ್ವಾ."

ಮೊರ ನಿಂತಿತು. ಮದುವೆಯಾದಂದಿನಿಂದ ಅವನು ಹೆಂಡತಿಯನ್ನು ಕರೆದದ್ದು 'ಏ ಇಕಾ' ಎಂದು. ಕೋಪ ಬಂದಾಗ ಅದೂ ಇಲ್ಲ. ಆ ಹೆಸರನ್ನು ಮಕ್ಕಳು ಅಪ್ಪನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಹುಲಿಗೆವ್ವಾ, ನಿನ್ ಕೈ ರೊಟ್ಟಿ ತಿಂದು ಬದುಕಿದೋನು ನಾನು. ವರ್ಸದಾಗೆ ಆರು ತಿಂಗ್ಳು ಮಂದೆ ಹಿಂದೆ ಹೋತಿದ್ದೆ. ನೀನು ಒಬ್ಬಾಕಿನೇ ಇರ್ತಿದ್ದಿ. ಒಂದಿನಾನೂ ಹೆಂಗಿದ್ದಿ ಅಂತ ಕೇಳ್ಲಿಲ್ಲ, ತಪ್ಪು ತಿಳೀಬ್ಯಾಡ. ಕೇಳ್ಬೇಕು ಅಂತಿತ್ತು. ಬಾಯಿ ಬರ್ಲಿಲ್ಲ."

"ಹುಡುಗ್ರ ಮುಂದೆ ಇದೇನಿದು," ಎಂದು ಹುಲಿಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹೂವಪ್ಪ ಗಂಟಲು ಸರಿಮಾಡಿಕೊಂಡು, ಕೊನೆಗೆ, ತನ್ನ ಕೂಗನ್ನು ಕೂಗಿದ. ಹಟ್ಟಿಯೊಳಗಿನ ಕುರಿಗಳೆಲ್ಲ ಒಮ್ಮೆಲೇ ಬೇಲಿಗೆ ನುಗ್ಗಿದವು.

ಅದನ್ನು ಕಂಪ್ಯೂಟರಿಗೆ ಇಳಿಸಿ ನಾಗಶ್ರೀ 'ಹೂವಪ್ಪ' ಎಂದು ಹೆಸರಿಟ್ಟಳು. ತೊಡಕು ಬಂದದ್ದು ಇಲ್ಲಿ. ಹುಲಿಗೆಮ್ಮ ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ಊರಲ್ಲಿ ನಡೆದ ವಯಸ್ಕರ ಶಾಲೆಯಲ್ಲಿ. ಹಾಗೆ ಕಲಿತವರು ಬಾಯಿಬಿಟ್ಟು ಒಂದೊಂದೇ ಅಕ್ಷರ ಹೇಳಿಕೊಂಡರೆ ಮಾತ್ರ ಓದಬಲ್ಲರು; ಕಣ್ಣಿನಲ್ಲೇ ಓದುವುದು ಅವರಿಗೆ ಬಾರದು. ಮಗಳು ಸೊರಬಕ್ಕೆ ಹೋದಾಗ ತಾನೇ ಹಚ್ಚಿ ಕೇಳಬೇಕೆಂದು ಅವಳು ಕಂಪ್ಯೂಟರಿನ ಮುಂದೆ ಕೂತಳು. 'ಹೂ' ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡಳು. ಗಂಡನ ಹೆಸರು! ಸಂಜೆ ಮಗಳು ಬಂದಾಗ ಮುಖ ಊದಿತ್ತು.

"ಊರಿಗೆಲ್ಲ ಬ್ಯಾರೆ ಹೆಸ್ರು ಸಿಗ್ಲಿಲ್ವೇನೇ ನಿಂಗೆ? ನಾನು ಹೆಂಗೆ ಓದ್ಲಿ ಅದನ್ನ?"

"ಮನಸಿನಾಗೆ ಓದ್ಕ ಅವ್ವ."

"ಮನಸಿನಾಗೆ ಓದಾದು ಬಂದಿದ್ರೆ ನಾನ್ಯಾಕೆ ಮುದ್ದೆ ತಿರುವ್ತಾ ಕೂಕಂತಿದ್ದೆ, ಸೊರಬಕ್ಕೆ ಹೋಗಿ ಪಾಠ ಹೇಳ್ತಿದ್ದೆ!"

ನಾಗಶ್ರೀಗೆ ನಗು ಬಂತು, ಖುಷಿಯೂ ಬಂತು. ಕೂಟದಲ್ಲಿ ಹೇಳಿದ ಮಾತು ಮನೆಯಲ್ಲೇ ಬಳಕೆಗೆ ಬಂದಂತಾಯಿತು. ಡಿಸ್ಕಿನಲ್ಲಿ ಜಾಗವೂ ಕಡಿಮೆ. ಎರಡನೆಯ ಪ್ರತಿ ಮಾಡುವ ಬದಲು ಅದೇ ಫೈಲಿಗೆ ಇನ್ನೊಂದು ಹೆಸರು ಕಟ್ಟಿದಳು: 'ನಮ್ಮನ್ಯಾರು'. ಹುಲಿಗೆಮ್ಮ ಅದನ್ನು ಅಕ್ಷರ ಅಕ್ಷರವಾಗಿ ಓದಿ, ನಾಚಿ, ಒತ್ತಿದಳು. ಹೂವಪ್ಪನ ಮಾತು ಬಂತು. ಅಷ್ಟರಲ್ಲಿ ಹೂವಪ್ಪ ಆಪರೇಷನ್ನು ಮುಗಿದು, ಆಸ್ಪತ್ರೆಯಿಂದ ಕುತ್ತಿಗೆಯಲ್ಲಿ ಉಸಿರಾಡುವ ತೂತು ಹೊತ್ತು ಹಿಂದಿರುಗಿದ್ದ. ಅವನೂ ಕಟ್ಟೆಯ ಮೇಲೆ ಕೂತು ತನ್ನ ಮಾತನ್ನೇ ಕೇಳಿಸಿಕೊಂಡ.

ಕುತ್ತಿಗೆಗೆ ಒತ್ತಿ ಹಿಡಿದರೆ ಗುಂಯ್ಯೆಂದು ಮಾತಾಡಿಸುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಅವನು ಹಟ್ಟಿಗೆ ಹೋಗಿ ಒಂದು ಸಲ ಕೂಗಲು ನೋಡಿದ. ದುಂಬಿಯಂಥ ಆ ಸದ್ದಿಗೆ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಒಂದು ಮರಿಯ ಕಾಲು ಮುರಿಯಿತು. ಅಂದು ಗೂಡಿನಲ್ಲಿಟ್ಟ ಯಂತ್ರವನ್ನು ಅವನು ಮತ್ತೆ ಮುಟ್ಟಲಿಲ್ಲ. ಏನು ಬೇಕಿದ್ದರೂ ಕೈಸನ್ನೆ, ಇಲ್ಲವಾದರೆ ಚಪ್ಪಾಳೆ. ಸಹಿ ಮಾಡುವುದೊಂದನ್ನು ಬಿಟ್ಟರೆ ಅವನಿಗೆ ಬರಹ ಬಾರದು.

ಸ್ವಲ್ಪ ದಿನದಲ್ಲಿ ಹಳೆಯ ಡಿಸ್ಕು ಕಟಕಟ ಸದ್ದು ಮಾಡತೊಡಗಿತು. ನಾಗಶ್ರೀ ತಡಮಾಡಲಿಲ್ಲ. ಇನ್ನೊಂದು ಡಿಸ್ಕು ತಂದು ಎಲ್ಲವನ್ನೂ ಅದಕ್ಕೆ ನಕಲು ಮಾಡಿದಳು. ನಕಲು ಮಾಡುವಾಗ 'ಎಲ್ಲವೂ ಇದ್ದದ್ದು ಇದ್ದ ಹಾಗೆಯೇ ಬರಲಿ' ಎಂದು ಹೇಳುವ ಒಂದು ಅಕ್ಷರವಿದೆ; ಅದನ್ನು ಸೇರಿಸದೆ ನಕಲು ಮಾಡಬೇಡಿರೆಂದು ತನ್ನ ವಿದ್ಯಾರ್ಥಿಗಳಿಗೆ ಸದಾ ಹೇಳುವವಳು ಅವಳು. ತಾನೂ ಸೇರಿಸಿದಳು. ಬರಿಯ ನಕಲಾಗಿದ್ದರೆ ಎರಡು ಹೆಸರುಗಳೂ ಹೊಸ ಡಿಸ್ಕಿನಲ್ಲಿ ಎರಡು ಬೇರೆ ಫೈಲುಗಳಾಗುತ್ತಿದ್ದವು. ಆ ಅಕ್ಷರ ಸೇರಿದ್ದರಿಂದ, ಒಂದೇ ಮೈಗೆ ಎರಡು ಹೆಸರೆಂಬ ಸಂಬಂಧವೂ ಇದ್ದ ಹಾಗೆಯೇ ಬಂತು. ಇದು ಅವಳ ಗಮನಕ್ಕೆ ಬರಲಿಲ್ಲ. ಡಿಸ್ಕು ಬದಲಾಯಿತು, ಈಗ ಎರಡೂ ಬೇರೆ ಬೇರೆ ಪ್ರತಿ, ಜಾಗಕ್ಕೂ ಕೊರತೆಯಿಲ್ಲ ಎಂದುಕೊಂಡಳು. ತೆರೆದು ನೋಡಿದರೆ ಎರಡು ಹೆಸರು, ಎರಡರ ಮುಂದೆಯೂ ಪೂರ್ತಿ ಗಾತ್ರ. ಧೈರ್ಯ ಬಾರದೆ ಏನು ಮಾಡೀತು? ಹಳೆಯ ಡಿಸ್ಕು ಆ ವಾರವೇ ಪ್ರಾಣ ಬಿಟ್ಟಿತು. ಯತೀಶನ ಫೋನು ಕುರಿಗೆ ನೀರು ಕುಡಿಸುವಾಗ ಕೆರೆಗೆ ಬಿದ್ದಿತು. ಕಾಲೇಜಿನ ಯಂತ್ರದಲ್ಲೂ ಒಂದು ಪ್ರತಿ ಇಡಬೇಕೆಂದು ಅವಳು ಅಂದುಕೊಳ್ಳುತ್ತಿದ್ದಳು. ಎರಡಿವೆಯಲ್ಲ ಎಂಬ ನೆಮ್ಮದಿ ಅದನ್ನು ಮುಂದಕ್ಕೆ ಹಾಕುತ್ತಿತ್ತು.

ಒಂದು ಭಾನುವಾರ ಹುಲಿಗೆಮ್ಮ ಮಗಳ ಪಕ್ಕದಲ್ಲಿ ಬಂದು ಕೂತಳು.

"ನಾಗೀ, ಆ ಮಾತೆಲ್ಲ ತೆಗ್ದು ಕೂಗೊಂದು ಇಡಾಕೆ ಬರ್ತೈತಾ?"

"ಯಾಕವ್ವ? ದಿನಾ ಕೇಳ್ತಿದ್ದಿಯಲ್ಲ."

"ಆ ಕೆಮ್ಮು ಕೇಳಾಕಾಗವಲ್ದು. ಇವ್ರೂ ಅಲ್ಲೇ ಕೂತಿರ್ತಾರೆ, ಮಾರಿ ನೋಡಾಕಾಗಲ್ಲ. ಕೂಗಾದ್ರೆ ಸಂಜಿ ಮುಂದೆ ಹಚ್ತೀನಿ, ಕುರಿ ಒಳಗೆ ಬರ್ತಾವೆ." ಕಟ್ಟೆಯ ಕಡೆ ನೋಡಿ ದನಿ ತಗ್ಗಿಸಿದಳು. "ಮಾತು ಎಲ್ಲೀಗೂ ಹೋಗಂಗಿಲ್ಲ ಅಲ್ಲ? ಆ ಇನ್ನೊಂದು ಹೆಸ್ರಿನಾಗೆ ಇರ್ಲಿ. ಇವ್ರು ಇರಾ ತನಕ ನಂಗೆ ಅದು ಬ್ಯಾಡ. ಆಮ್ಯಾಲೆ ಬೇಕಾಗ್ತೈತೆ."

ಅವ್ವ ಅಷ್ಟು ಬಿಚ್ಚಿ ಮಾತಾಡಿದ್ದನ್ನು ನಾಗಶ್ರೀ ಎಂದೂ ಕೇಳಿರಲಿಲ್ಲ. ಅದೇ ಹೊತ್ತಿನಲ್ಲಿ ಕೂತು ಕೂಗಿನ ತುಂಡನ್ನು ಬೇರೆ ಕತ್ತರಿಸಿದಳು. ಆ ತುಂಡನ್ನು 'ನಮ್ಮನ್ಯಾರು' ಎಂಬ ಹೆಸರಿನ ಮೇಲೆ ನಕಲು ಮಾಡಿದಳು. ಇಲ್ಲೊಂದು ಸೂಕ್ಷ್ಮವಿದೆ. ಆ ಹೆಸರನ್ನು ಅಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಫೈಲು ಇನ್ನೊಂದು ಹೆಸರಿನ ಆಸರೆಯಲ್ಲಿ ಉಳಿಯುತ್ತಿತ್ತು. ತುಂಡನ್ನು ನಕಲು ಮಾಡದೆ ಆ ಹೆಸರಿಗೆ ಸರಿಸಿದ್ದರೂ ಉಳಿಯುತ್ತಿತ್ತು. ಹೆಸರಿನ ಮೇಲೆ ನಕಲು ಮಾಡುವುದೆಂದರೆ ಹೆಸರನ್ನು ಹಾಗೆಯೇ ಬಿಟ್ಟು ಒಳಗಿನ ಮೈಯನ್ನು ಬರಿದು ಮಾಡಿ ಹೊಸದನ್ನು ತುಂಬುವುದು. ಮೈ ಇದ್ದದ್ದು ಒಂದೇ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಹೆಸರಿನ ಒಳಗೂ ಕೂಗೊಂದು ಉಳಿಯಿತು. ತೋಳ, ಟಗರು, ಮಗಳು, ಹೆಂಡತಿ, ಎಲ್ಲ ಹೋದವು. ಕಂಪ್ಯೂಟರು ಏನೂ ಹೇಳಲಿಲ್ಲ. ಕೇಳಿದ್ದನ್ನು ಮಾಡಿ ಸುಮ್ಮನಿರುವುದು ಆ ಜಾತಿಯ ವ್ಯವಸ್ಥೆಗಳ ಅಭ್ಯಾಸ.

"ಆತೇನೇ?" ಎಂದಳು ಹುಲಿಗೆಮ್ಮ.

"ಆತವ್ವ."

ಹುಲಿಗೆಮ್ಮ ಸಂಜೆ ಸಂಜೆ ಕೂಗು ಹಚ್ಚಿದಳು. ಕೆಲವು ದಿನ ಕುರಿಗಳು ಓಡಿಬಂದವು. ಬಂದು, ಕಿಟಕಿಯ ಕೆಳಗೆ ನಿಂತು, ಯಾರನ್ನೋ ಹುಡುಕಿದವು. ಆ ಮೇಲೆ ನಡೆದು ಬಂದವು. ಆ ಮೇಲೆ ಬರಲೇ ಇಲ್ಲ. ಯತೀಶ ಕೋಲು ಹಿಡಿದು ಅಟ್ಟಿಕೊಂಡು ಬರಬೇಕಾಯಿತು. ಮಂದೆಯನ್ನು ಒಬ್ಬನೇ ತೂಗಿಸಲಾರದೆ ಅರ್ಧಕ್ಕಿಂತ ಹೆಚ್ಚು ಕುರಿಗಳನ್ನು ಮಾರಿದ. ಮಾರಿದ ಕುರಿಗಳು ಲಾರಿ ಹತ್ತುವಾಗ ಹೂವಪ್ಪ ಬದುವಿನ ಮೇಲೆ ನಿಂತು ಬಾಯಿ ತೆರೆದದ್ದನ್ನು ಯತೀಶ ನೋಡಿದ. ಗಾಳಿ ಕುತ್ತಿಗೆಯ ತೂತಿನಿಂದ ಹೊರಗೆ ಹೋಯಿತು.

ಗೌರಿ ಹಬ್ಬ ಕಳೆದು, ಮಳೆಗಾಲ ಕಳೆದು, ಹೂವಪ್ಪನ ಕುತ್ತಿಗೆಯ ಬದಿಯಲ್ಲಿ ಮತ್ತೆ ಗಂಟು ಕಂಡಿತು. ಈ ಸಲ ಡಾಕ್ಟರು ಆಪರೇಷನ್ನಿನ ಮಾತೆತ್ತಲಿಲ್ಲ. ನೋವಿಗೆ ಮಾತ್ರೆ ಬರೆದು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಹೇಳಿಸಿಕೊಳ್ಳುವ ಅಗತ್ಯ ನಾಗಶ್ರೀಗಿರಲಿಲ್ಲ. ಅಪ್ಪನ ಮಾತನ್ನು ತನ್ನ ಫೋನಿಗೂ ಹಾಕಿಕೊಳ್ಳಬೇಕೆನಿಸಿ ಮನೆಗೆ ಬಂದವಳೇ 'ಹೂವಪ್ಪ' ಎಂಬುದನ್ನು ತೆರೆದಳು. ಕೂಗು ಬಂತು. ನಿಂತಿತು. ತಪ್ಪಿ ಇನ್ನೊಂದನ್ನು ಒತ್ತಿದೆನೆಂದು ಮತ್ತೆ ತೆರೆದಳು. ಮತ್ತೆ ಕೂಗು.

ವಿವರವಾಗಿ ತೋರಿಸೆಂದು ಕಂಪ್ಯೂಟರಿಗೆ ಹೇಳಿದಾಗ ಪ್ರತಿಯೊಂದು ಹೆಸರಿನ ಹಿಂದೆ ಒಂದು ಸಣ್ಣ ಅಂಕೆ ಬರುತ್ತದೆ: ಈ ಫೈಲಿಗೆ ಎಷ್ಟು ಹೆಸರುಗಳಿವೆ ಎಂಬುದು. ಬೇರೆಲ್ಲ ಫೈಲುಗಳ ಹಿಂದೆ 'ಒಂದು' ಎಂದಿತ್ತು. ಆ ಎರಡು ಹೆಸರುಗಳ ಹಿಂದೆ 'ಎರಡು' ಎಂದಿತ್ತು. ಅವಳು ಎಷ್ಟೋ ವರ್ಷ ಹುಡುಗರಿಗೆ ಬೆರಳಿಟ್ಟು ತೋರಿಸಿದ ಅಂಕೆ. ಒಳಗೆ ಹುಲಿಗೆಮ್ಮ ಗಂಡನಿಗೆ ಗಂಜಿ ಆರಿಸುತ್ತಿದ್ದಳು. ನಾಗಶ್ರೀ ಪರದೆಯನ್ನು ಆರಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ರಜೆ ಹಾಕಿ ಡಿಸ್ಕನ್ನು ಕಳಚಿಕೊಂಡು ಶಿಕಾರಿಪುರಕ್ಕೆ ಹೋದಳು. ಕಂಪ್ಯೂಟರು ರಿಪೇರಿ ಮಾಡುವ ರೇಣುಕಾಪ್ರಸಾದ್ ಅವಳ ಜೊತೆ ಡಿಪ್ಲೊಮಾ ಓದಿದವನು. ಕೆಲಸಗಳನ್ನೆಲ್ಲ ಬದಿಗಿಟ್ಟು ತನಗೆ ತಿಳಿದ ಉಪಾಯಗಳನ್ನೆಲ್ಲ ಹೂಡಿದ. ಡಿಸ್ಕಿನ ಖಾಲಿ ಜಾಗವನ್ನೆಲ್ಲ ಜಾಲಾಡಿದಾಗ ಕೆಲವು ಚೂರುಗಳು ಸಿಕ್ಕವು. ಇಬ್ಬರೂ ಕಿವಿಗೆ ಹಚ್ಚಿಕೊಂಡು ಕೂತರು. ಹುಳು ಕೊರೆದಂಥ ಸದ್ದು. ಒಂದು ಚೂರಿನಲ್ಲಿ ಕುರಿಯೊಂದು ಕೂಗಿತು. ಇನ್ನೊಂದರಲ್ಲಿ ಕೆಮ್ಮು.

"ಯಾವಾಗ ಆಗಿದ್ದಿದು?"

"ಮಳೆಗಾಲಕ್ಕೆ ಮುಂಚೆ."

ರೇಣುಕಾಪ್ರಸಾದ್ ಕಿವಿಯಿಂದ ತಂತಿ ತೆಗೆದ. "ಅವತ್ತೇ ಬಂದಿದ್ರೆ... ಅವತ್ತು ಬಂದಿದ್ರೂ ಗ್ಯಾರಂಟಿ ಇರ್ಲಿಲ್ಲ ನಾಗಶ್ರೀ. ಅದರ ಮೇಲೆ ಬೇರೆ ಏನೇನೋ ಬರ್ದಾಗೈತೆ. ಬಿಟ್ಬಿಡು." ಕೆಮ್ಮಿನ ಚೂರನ್ನು ಪೆನ್ ಡ್ರೈವಿಗೆ ಹಾಕಿಕೊಡಲೇ ಎಂದು ಕೇಳಿದ. ಅವಳು ಬೇಡವೆಂದಳು, ಬಸ್ ನಿಲ್ದಾಣದವರೆಗೆ ಹೋಗಿ, ತಿರುಗಿ ಬಂದು, ಹಾಕಿಸಿಕೊಂಡಳು.

ಅವ್ವನಿಗೆ ಹೇಳಬೇಕೆಂದು ಅವಳು ಹಲವು ಸಲ ಹೊರಟಳು. ಹುಲಿಗೆಮ್ಮ ಒಂದಲ್ಲ ಒಂದು ಕೆಲಸದಲ್ಲಿರುತ್ತಿದ್ದಳು. ಗಂಡನ ಬಟ್ಟೆ ಒಗೆಯುತ್ತಲೋ, ಕುತ್ತಿಗೆಯ ಕೊಳವೆ ತೊಳೆಯುತ್ತಲೋ. ಒಮ್ಮೆ ಅವಳೇ ಕೇಳಿದಳು: "ಅದು ಭದ್ರ ಐತೆ ಅಲ್ಲೇನೇ?" ಯಾವುದು ಎಂದು ಕೇಳುವಂತಿರಲಿಲ್ಲ. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಡುತ್ತ ನಾಗಶ್ರೀ "ಹ್ಞೂಂ" ಎಂದಳು. ಆ ಒಂದು ಹ್ಞೂಂಕಾರವಾದ ಮೇಲೆ ಸತ್ಯ ಹೇಳುವ ದಾರಿ ಇನ್ನಷ್ಟು ದೂರವಾಯಿತು.

ಕೊನೆಗೆ ಅವಳು ಹೇಳಿದ್ದು ಅಪ್ಪನಿಗೆ. ಬಿಸಿಲು ಕಾಯಿಸಲು ಅವನನ್ನು ಹಟ್ಟಿಯ ಕಡೆ ನಡೆಸಿಕೊಂಡು ಹೋಗಿದ್ದಳು. ಕಟ್ಟೆಯ ಮೇಲೆ ಕೂರಿಸಿ, ಅವನ ಪಾದ ನೋಡುತ್ತ, 'ನಿನ್ ಮಾತು ನನ್ ಕೈಯಿಂದಲೇ ಹೋತಪ್ಪ' ಎಂದಳು. ಹೇಗೆ ಹೋಯಿತೆಂಬುದನ್ನೂ ಹೇಳಿದಳು. ಹೆಸರು, ಮೈ, ನಕಲು, ಎಲ್ಲ. ಅವನಿಗೆ ಎಷ್ಟು ತಿಳಿಯಿತೋ ಕಾಣೆ. ಅವ್ವ ಅದನ್ನು ಯಾವಾಗಿಗೆಂದು ಎತ್ತಿಟ್ಟುಕೊಂಡಿದ್ದಾಳೆ ಎಂಬುದನ್ನು ಹೇಳಿದಾಗ ಮಾತ್ರ ಅವನ ಕೈ ನಿಂತಿತು. ಅದುವರೆಗೆ ಅವಳ ತಲೆಯ ಮೇಲೆ ಆಡುತ್ತಿತ್ತು.

"ನಾನೇನ್ ಮಾಡ್ಲಪ್ಪ?"

ಹೂವಪ್ಪ ಮನೆಯ ಕಡೆ ನೋಡಿದ. ಏನನ್ನೋ ಹೇಳಲು ತುಟಿ ಅಲ್ಲಾಡಿಸಿದ. ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಟ್ಟುಬಿಟ್ಟ.

ನಾಗಶ್ರೀ ಈಗಲೂ ತಾಳಗುಂದದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಗುತ್ತಿಗೆಯ ಕೆಲಸ ಗುತ್ತಿಗೆಯಾಗಿಯೇ ಇದೆ. ಲಿಂಕಿನ ಪಾಠ ಬಂದಾಗ ಇಂಗ್ಲಿಷ್ ಪುಸ್ತಕದಲ್ಲಿದ್ದಷ್ಟನ್ನು ಓದಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾಳೆ. ಕನ್ನಡದ ಪುಸ್ತಕ ಅವಳ ಪಾಠವಿಲ್ಲದೆಯೇ ಅಚ್ಚಾಯಿತು. ಯಾಕೆ ಕೊಡಲಿಲ್ಲವೆಂದು ಸದಾಶಿವಪ್ಪ ಮೇಷ್ಟರು ಕೇಳಿದ್ದಕ್ಕೆ, "ಅದು ಮುಗಿದಿಲ್ಲ ಸಾರ್," ಎಂದಳು. ಹಳೆಯ ಕಂಪ್ಯೂಟರು ಉಣ್ಣೆಯ ಮೂಟೆಯ ಪಕ್ಕದಲ್ಲೇ ಇದೆ. ಕುರಿಗಳು ಬಾರದ್ದರಿಂದ ಹುಲಿಗೆಮ್ಮ ಈಗ ಕೂಗನ್ನೂ ಹಚ್ಚುವುದಿಲ್ಲ, ಆದರೆ ದೂಳು ಕೂರದಂತೆ ಅದರ ಮೇಲೆ ತನ್ನದೊಂದು ಹಳೆಯ ಸೀರೆಯನ್ನು ಹೊದಿಸಿ, ದಿನಾ ಸಂಜೆ ಕೊಡವಿ ಮತ್ತೆ ಹೊದಿಸುತ್ತಾಳೆ.

ಹೂವಪ್ಪ ಹಾಸಿಗೆ ಹಿಡಿದಿದ್ದಾನೆ. ಕಾಲೇಜಿಲ್ಲದ ದಿನಗಳಲ್ಲಿ ನಾಗಶ್ರೀ ಅವನ ಕಾಲಿನ ಬದಿಯಲ್ಲಿ ಕೂತಿರುತ್ತಾಳೆ. ಹಟ್ಟಿಯ ಬಳಿ ಅವನ ತುಟಿ ಏನೆಂದಿತ್ತು ಎಂಬುದು ಅಲ್ಲಿ ಕೂತ ಮೇಲೆಯೇ ಅವಳಿಗೆ ತಿಳಿದದ್ದು. ಹೆಂಡತಿ ಒಳಗೆ ಬಂದಾಗಲೆಲ್ಲ ಹೂವಪ್ಪ ತುಟಿ ಕೂಡಿಸುತ್ತಾನೆ. ಮೊದಲು ತುಟಿ ಮುಂದಕ್ಕೆ ಬರುತ್ತದೆ, ಆ ಮೇಲೆ ಅಗಲವಾಗುತ್ತದೆ, ಕೊನೆಗೆ ತೆರೆದುಕೊಳ್ಳುತ್ತದೆ. ಹುಲಿಗೆವ್ವಾ. ಉಸಿರು ಬಾಯಿಗೆ ಬರುವುದಿಲ್ಲವಾದ್ದರಿಂದ ಪಿಸುಮಾತಿನಷ್ಟು ಸದ್ದೂ ಇಲ್ಲ. ಅವನು ಮತ್ತೆ ಮತ್ತೆ ಮಾಡುತ್ತಾನೆ.

ಅವ್ವ, ಅಪ್ಪ ನಿನ್ನ ಹೆಸರು ಕರೀತಿದಾನೆ ಎಂದು ನಾಗಶ್ರೀ ಹೇಳಬಹುದು. ಹೇಳಿದರೆ, ಯಾಕೆ, ಎತ್ತಿಟ್ಟ ಮಾತು ಇದೆಯಲ್ಲ, ಈಗ್ಯಾಕೆ ಕಷ್ಟಪಡ್ತಾರೆ ಎಂದು ಅವ್ವ ಕೇಳುತ್ತಾಳೆ. ನಾಗಶ್ರೀ ಅಪ್ಪನ ಕಾಲ ಮೇಲಿನ ಕಂಬಳಿಯನ್ನು ಎಳೆದು ಸರಿಮಾಡುತ್ತಾಳೆ.

"ಏನ್ರೀ, ನೀರಾ?" ಎನ್ನುತ್ತಾಳೆ ಹುಲಿಗೆಮ್ಮ, ಬಾಗಿ ಅವನ ಮುಖ ನೋಡುತ್ತ. "ತಡೀರಿ, ತರ್ತೀನಿ."

ಅವಳು ಓಡಿಹೋಗಿ ಲೋಟದಲ್ಲಿ ಉಗುರುಬೆಚ್ಚನೆಯ ನೀರು ತರುತ್ತಾಳೆ. ತಲೆಯ ಕೆಳಗೆ ಕೈಕೊಟ್ಟು ಎತ್ತುತ್ತಾಳೆ. ಹೂವಪ್ಪ ಅವಳನ್ನೇ ನೋಡುತ್ತ ಗುಟುಕು ಗುಟುಕಾಗಿ ಅದನ್ನು ಕುಡಿಯುತ್ತಾನೆ.